ಊಟವಾದ ಮೇಲಿನ ಪ್ರಜಾಪ್ರಭುತ್ವ

2025ರ ಬಜೆಟ್ ಅಧಿವೇಶನಕ್ಕೆ ಮುನ್ನ ವಿಧಾನಸಭಾಧ್ಯಕ್ಷ ಯು.ಟಿ. ಖಾದರ್ ಅವರು ಶಾಸಕರ ವಿಶ್ರಾಂತಿಗೆಂದು ಮೊಗಸಾಲೆಯಲ್ಲಿ 15 ಒರಗುಕುರ್ಚಿಗಳನ್ನು ಬಾಡಿಗೆಗೆ ತರಿಸುವ ಏರ್ಪಾಟು ಮಾಡಿದಾಗ ನಾಡಿನ ಜನ ನಕ್ಕರು. ಊಟಕ್ಕೆ ಹೋದ ಸದಸ್ಯರು ಕೋಣೆ ಸೇರಿ ಅಡ್ಡಾದರೆ ಮತ್ತೆ ಸದನದ ಕಡೆ ತಲೆ ಹಾಕುವುದಿಲ್ಲ, ಆದ್ದರಿಂದ ನಿದ್ದೆಯನ್ನೇ ಸದನದ ಬಾಗಿಲಿಗೆ ತರೋಣ ಎಂಬ ಈ ಆಲೋಚನೆಯಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ. ನನ್ನ ತಕರಾರು ಲೆಕ್ಕದ್ದು. 224 ಸದಸ್ಯರಿಗೆ 15 ಕುರ್ಚಿಗಳೆಂದರೆ ಕುರ್ಚಿಯೊಂದಕ್ಕೆ ಸುಮಾರು ಹದಿನೈದು ಜನರಾಗುತ್ತಾರೆ. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನದ ಪ್ರಕಾರ ಕಲ್ಯಾಣ ಕರ್ನಾಟಕಕ್ಕೆ ಎಷ್ಟು ಕುರ್ಚಿ, ಕರಾವಳಿಗೆ ಎಷ್ಟು, ಹಳೇ ಮೈಸೂರಿನವರು ಗೊರಕೆ ಮುಗಿಸದಿದ್ದರೆ ಬೆಳಗಾವಿಯವರು ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಲು ಒಂದು ಸದನ ಸಮಿತಿಯನ್ನಾದರೂ ರಚಿಸಬೇಕಿತ್ತು.

ಶಾಸಕರ ದಣಿವು ಎಂಥದ್ದೆಂದು ತಿಳಿಯಬೇಕಾದವರು ಲಗ್ನದ ದಿನಗಳಲ್ಲಿ ಯಾವುದಾದರೂ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಬೆಳಗಿನ ಆರೂವರೆಗೆ ಅವರ ಮನೆಯ ಮುಂದೆ ನಿಂತು ನೋಡಬೇಕು. ಶಾಮಿಯಾನದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಸಾಹೇಬರ ಲೆಟರ್ ಒಂದು ಸಿಕ್ಕರೆ ಮುಖ್ಯಮಂತ್ರಿಗಳಿಂದ ಮಿನಿಟ್ ಹಾಕಿಸಿಕೊಂಡು ವರ್ಗಾವಣೆ ಮಾಡಿಸಿಕೊಳ್ಳಬಹುದೆಂದು ಕಾದಿರುವ ಮೇಷ್ಟರಿರುತ್ತಾರೆ. ಪೋಡಿಯಾಗದ ಜಮೀನಿನ ಪಹಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಂಡ ಮುದುಕರಿರುತ್ತಾರೆ. ಅರಿಸಿನ ಹಚ್ಚಿದ ಲಗ್ನಪತ್ರಿಕೆ ಹಿಡಿದ ದಂಪತಿಗಳಂತೂ ಸಾಲುಗಟ್ಟಿರುತ್ತಾರೆ. ಪಿಎ ಕೈಯಲ್ಲಿರುವ ಡೈರಿಯ ಪ್ರಕಾರ ಆ ದಿನಕ್ಕೆ ಒಂಬತ್ತು ಮದುವೆ, ಎರಡು ಗೃಹಪ್ರವೇಶ, ಒಂದು ತಿಥಿ, ಬಸ್ ತಂಗುದಾಣವೊಂದರ ಗುದ್ದಲಿ ಪೂಜೆ. ಸಾಹೇಬರು ವೇದಿಕೆ ಹತ್ತಿ, ಅಕ್ಷತೆ ಎಸೆದು, ಗನ್‌ಮ್ಯಾನ್ ಹಿಂದಿನಿಂದ ದಾಟಿಸಿದ ಕವರನ್ನು ವರನ ಕೈಗಿಟ್ಟು, ಫೋಟೊಗೆ ನಿಂತು, ಕೆಳಗಿಳಿಯುವ ವೇಳೆಗೆ ನಾಲ್ಕು ನಿಮಿಷವೂ ಆಗಿರುವುದಿಲ್ಲ. ಮಗಳ ಮದುವೆಗೆ ಬಾರದ ಶಾಸಕನನ್ನು ಮತದಾರ ಐದು ವರ್ಷ ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ಸದನಕ್ಕೆ ಹೋಗದ ಶಾಸಕನನ್ನು ಚುನಾವಣೆಯಲ್ಲಿ ವಿಚಾರಿಸಿಕೊಂಡ ಊರು ಯಾವುದಾದರೂ ಇದ್ದರೆ ಆ ಊರಿನವರು ನನಗೆ ದಯವಿಟ್ಟು ತಿಳಿಸಬೇಕು.

ಹೀಗೆ ಕೆಲಸವೆಲ್ಲ ಕ್ಷೇತ್ರದಲ್ಲೇ ಮುಗಿದುಹೋಗುವುದರಿಂದ ವಿಧಾನಸೌಧವು ಬಿಡುವಿನ ಜಾಗವಾಗಿ ಉಳಿದಿರುವುದು ಸಹಜವೇ ಆಗಿದೆ. ಉಭಯ ಸದನಗಳು ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು 2005ರಲ್ಲಿ ಶಾಸನ ಮಾಡಿಕೊಂಡವರು ಸ್ವತಃ ಶಾಸಕರೇ. ಅದೇ 2005ರಲ್ಲಿ ಸಂಸತ್ತು ಹಳ್ಳಿಯ ಕೂಲಿಕಾರರ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಖಾತರಿ ಕೊಟ್ಟಿತು. ಕೂಲಿಕಾರರು ಆ ನೂರು ದಿನ ಪೂರ್ತಿ ಕೆಲಸ ಸಿಗಲಿಲ್ಲವೆಂದು ಪಂಚಾಯಿತಿ ಕಚೇರಿಯ ಮುಂದೆ ಧರಣಿ ಕೂತರು. ತಮಗೆ ಅರವತ್ತು ದಿನ ತುಂಬಲಿಲ್ಲವೆಂದು ಧರಣಿ ಕೂತ ಶಾಸಕರೊಬ್ಬರನ್ನೂ ನಾನು ಈವರೆಗೆ ಕಂಡಿಲ್ಲ. ಅವರ ಸಹನೆ ದೊಡ್ಡದು. ಕೋರಂ ಎಂಬ ಕಿರಿಕಿರಿಯೂ ಈಗ ಅಷ್ಟಾಗಿ ಕಾಡಬೇಕಿಲ್ಲ. ಸದನದ ಹತ್ತರಲ್ಲೊಂದು ಪಾಲು, ಅಂದರೆ 23 ಜನ ಸಿಕ್ಕರೆ ಕಲಾಪ ನಡೆಯುತ್ತದೆ. ಗಂಟೆ ಬಾರಿಸಿ ಮೊಗಸಾಲೆಯ ಕುರ್ಚಿಗಳಿಂದ 15 ಜನರನ್ನು ಎಬ್ಬಿಸಿ, ಕ್ಯಾಂಟೀನಿನಿಂದ ಎಂಟು ಜನರನ್ನು ಕರೆತಂದರೆ ಆರೂವರೆ ಕೋಟಿ ಜನರ ಭವಿಷ್ಯವನ್ನು ಎತ್ತಿಕೊಳ್ಳಬಹುದು.

ಆ ಅಧಿವೇಶನದ ಕೊನೆಯ ದಿನವಾದ ಮಾರ್ಚ್ 21ರಂದು ಸದನ ಎಚ್ಚರವಾಗಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಅಂದು ಕಾಗದದ ಚೂರುಗಳು ಸಭಾಧ್ಯಕ್ಷರ ಪೀಠದತ್ತ ಹಾರಿದವು, ಬಿಜೆಪಿಯ 18 ಸದಸ್ಯರು ಆರು ತಿಂಗಳ ಕಾಲ ಅಮಾನತಾದರು ಮತ್ತು ಏಳಲೊಪ್ಪದ ಸದಸ್ಯರನ್ನು ಮಾರ್ಷಲ್‌ಗಳು ಕೈಕಾಲು ಹಿಡಿದು ಹೊತ್ತೊಯ್ದರು. ಒರಗುಕುರ್ಚಿಯ ಬಾಡಿಗೆ ಇಲ್ಲದೆಯೂ ಜನಪ್ರತಿನಿಧಿಯನ್ನು ಮಲಗಿಸಿಕೊಂಡು ಹೋಗಬಹುದು ಎಂಬುದು ಅಂದು ಸಾಬೀತಾಯಿತು. ಅದೇ ದಿನ, ಅದೇ ಗದ್ದಲದಲ್ಲಿ, ಶಾಸಕರ ಮಾಸಿಕ ವೇತನವನ್ನು 40,000 ರೂಪಾಯಿಯಿಂದ 80,000ಕ್ಕೂ ಮುಖ್ಯಮಂತ್ರಿಯವರದನ್ನು 75,000ದಿಂದ ಒಂದೂವರೆ ಲಕ್ಷಕ್ಕೂ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ಅಷ್ಟು ಕೂಗಾಟದಲ್ಲೂ ಈ ಒಂದು ವಿಷಯ ಮಾತ್ರ ಎಲ್ಲರ ಕಿವಿಗೂ ಸ್ಪಷ್ಟವಾಗಿ ಬಿದ್ದಿತ್ತೆಂದರೆ ನಮ್ಮ ಪ್ರತಿನಿಧಿಗಳ ಶ್ರವಣಶಕ್ತಿಯನ್ನು ಮೆಚ್ಚಲೇಬೇಕು. ಅಮಾನತು ಮೇ ತಿಂಗಳಲ್ಲೇ ರದ್ದಾಯಿತು. ವೇತನ ಹೆಚ್ಚಳ ರದ್ದಾಗಲಿಲ್ಲ.

ಇಷ್ಟಾದರೂ ಸದನದಲ್ಲಿ ಕೂತು ಯಾರೂ ದೊಡ್ಡವರಾಗುವುದಿಲ್ಲ ಎಂಬುದನ್ನು ಮೊದಲ ಸಲ ಗೆದ್ದವರು ಎರಡು ಅಧಿವೇಶನಗಳಲ್ಲಿ ಕಲಿತುಬಿಡುತ್ತಾರೆ. 2019ರ ಜುಲೈಯಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಅತೃಪ್ತ ಶಾಸಕರು ರಾಜೀನಾಮೆ ಬರೆದಿಟ್ಟು ಮುಂಬೈಯ ಹೋಟೆಲಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ಸದನದೊಳಗಿದ್ದವರು ದಿನಗಟ್ಟಲೆ ವಿಶ್ವಾಸಮತದ ಮೇಲೆ ಮಾತನಾಡಿ ಬಸವಳಿದರು. 23ರ ಸಂಜೆ ಕುಮಾರಸ್ವಾಮಿ ಸರ್ಕಾರ 99ಕ್ಕೆ 105 ಮತಗಳಿಂದ ಬಿತ್ತು. ಬೀಳಿಸಿದ್ದು ಮಾತನಾಡಿದವರಲ್ಲ, ಬಾರದವರು. ಗೈರುಹಾಜರಿಗೆ ಇಷ್ಟು ತೂಕವಿರುವ ಉದ್ಯೋಗ ಬೇರೊಂದಿಲ್ಲ. ಆಗಿನ ಸಭಾಧ್ಯಕ್ಷರು 17 ಜನರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ಎತ್ತಿಹಿಡಿದರೂ ಚುನಾವಣೆಗೆ ನಿಲ್ಲಬಾರದೆಂಬ ನಿರ್ಬಂಧವನ್ನು ಕಿತ್ತುಹಾಕಿತು. ಶಾಲೆಯ ಮಕ್ಕಳಿಗೆ ಸಂಧಿ ಬಿಡಿಸುವುದು ಕಷ್ಟ. ‘ಅನರ್ಹ’ದೊಳಗಿನ ‘ಅನ್’ ಬಿಡಿಸಲು ಇಲ್ಲಿ ಡಿಸೆಂಬರ್‌ನ ಒಂದು ಉಪಚುನಾವಣೆ ಸಾಕಾಯಿತು. 2020ರ ಫೆಬ್ರವರಿ 6ರಂದು ಅವರಲ್ಲಿ 10 ಜನ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು. ಸಂಪುಟದಲ್ಲಿ 34ಕ್ಕಿಂತ ಹೆಚ್ಚು ಕುರ್ಚಿ ಹಾಕುವಂತಿಲ್ಲವೆಂಬ ತೊಡಕು ಇರುವುದರಿಂದಲೇ ನಿಗಮ ಮಂಡಳಿಗಳು ಹುಟ್ಟಿಕೊಂಡಿವೆಯೆಂದು ಕುಹಕಿಗಳು ಹೇಳುತ್ತಾರೆ, ನಾನು ಹೇಳುವುದಿಲ್ಲ.

2025ರ ಅದೇ ಮಾರ್ಚ್‌ನಲ್ಲಿ, ಬಜೆಟ್ ಅಧಿವೇಶನ ನಡೆಯುತ್ತಿದ್ದ ಒಂದು ಮಧ್ಯಾಹ್ನ, ನೆಂಟರ ಮನೆಯ ಬೀಗರೂಟದ ಪಂಕ್ತಿಯಲ್ಲಿ ನನ್ನ ಎದುರಿನ ಎಲೆಗೆ ಶಾಸಕರೊಬ್ಬರು ಬಂದು ಕೂತರು. ಎರಡನೇ ಮುದ್ದೆ ಮುರಿಯುತ್ತಿದ್ದವರನ್ನು, ಒರಗುಕುರ್ಚಿಗಳು ಹೇಗಿವೆಯೆಂದು ನಾನು ಕುತೂಹಲಕ್ಕೆ ಕೇಳಿದೆ.

“ಇನ್ನೂ ನೋಡಿಲ್ಲ ಸ್ವಾಮಿ,” ಎಂದರು, ಸಾರಿಗೆ ಕೈ ತೋರಿಸುತ್ತ. “ಖಾಲಿ ಆದಾಗ ಫೋನ್ ಮಾಡು ಅಂತ ಪಿಎಗೆ ಹೇಳಿದ್ದೀನಿ.”