ಸಿಡಿತಲೆ ಎಣಿಸೋದು ಬಿಟ್ಟು ನಿಮಿಷ ಎಣಿಸಿ, ಸ್ವಾಮಿ

ಟಿವಿಯಲ್ಲಿ ಮತ್ತೆ ಅದೇ ಅಣ್ವಸ್ತ್ರ ಲೆಕ್ಕದ ಗ್ರಾಫಿಕ್ಸ್. ಈ ಕಡೆ ನಮ್ಮ ಬಾವುಟ, ಕೆಳಗೆ 180. ಆ ಕಡೆ ಪಾಕಿಸ್ತಾನದ ಬಾವುಟ, ಕೆಳಗೆ 170. ನಡುವೆ ಬೆಂಕಿ, ಹಿಂದೆ ಸೈರನ್ ಸದ್ದು. ಹತ್ತು ಬಾಂಬ್ ಮುಂದಿದ್ದೀವಿ ಅಂತ ಆಂಕರ್ ಮಹಾಶಯರು ಹೇಳಿದ ಧಾಟಿ ನೋಡಿದ್ರೆ ಫಸ್ಟ್ ಇನ್ನಿಂಗ್ಸ್ ಲೀಡ್ ಸಿಕ್ಕ ಹಾಗಿತ್ತು. ಈ ವಿಷಯ ಬಂದ್ರೆ ನನ್ನ ಕೈ ಸುಮ್ಮನಿರಲ್ಲ ಅಂತ ನಿಮಗೆ ಗೊತ್ತೇ ಇದೆ. ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ.

ಮೊದಲು ಆ ಸಂಖ್ಯೆಯ ಹಣೆಬರಹ ನೋಡೋಣ. ಅದು ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ 2025ರ ಜನವರಿಗೆ ಕೊಟ್ಟ ಅಂದಾಜು. ಅಂದಾಜು ಅಷ್ಟೇ. ತಮ್ಮ ಹತ್ತಿರ ಎಷ್ಟಿದೆ ಅಂತ ಭಾರತವೂ ಹೇಳಿಲ್ಲ, ಪಾಕಿಸ್ತಾನವೂ ಹೇಳಿಲ್ಲ. ಹಾಗಾಗಿ ರಿಯಾಕ್ಟರ್‌ಗಳು ಎಷ್ಟು ವರ್ಷ ಓಡಿರಬಹುದು, ಬಾಂಬ್‌ಗೆ ಬೇಕಾದ ಪ್ಲುಟೋನಿಯಂ ಎಷ್ಟು ಬಂದಿರಬಹುದು, ಯುರೇನಿಯಂ ಸಂವರ್ಧಿಸೋ ಸೆಂಟ್ರಿಫ್ಯೂಜ್ ಯಂತ್ರಗಳಿಂದ ಎಷ್ಟು ಸಂವರ್ಧಿತ ಯುರೇನಿಯಂ ಬಂದಿರಬಹುದು, ಒಂದೊಂದು ಸಿಡಿತಲೆಗೆ, ಅಂದ್ರೆ ಬಾಂಬ್ ಭಾಗಕ್ಕೆ, ಅದರಲ್ಲಿ ಎಷ್ಟು ಹೋಗಿರಬಹುದು, ಹೊತ್ತೊಯ್ಯೋ ಕ್ಷಿಪಣಿ, ವಿಮಾನ ಎಷ್ಟಿರಬಹುದು ಅಂತ ಲೆಕ್ಕ ಹಾಕ್ತಾರೆ. ಹೆಜ್ಜೆಗೊಂದು 'ಬಹುದು'. ಇಷ್ಟೆಲ್ಲ 'ಬಹುದು' ಇರೋ ಲೆಕ್ಕದಲ್ಲಿ ಹತ್ತರ ವ್ಯತ್ಯಾಸ ಅನ್ನೋದು ವ್ಯತ್ಯಾಸವೇ ಅಲ್ಲ.

ಅದೇ ವರದಿಯಲ್ಲಿ ನಿಜವಾದ ಸುದ್ದಿ ಬೇರೆ ಇತ್ತು. ಆಗ ಜಗತ್ತಿನಲ್ಲಿ ಒಟ್ಟು ಸುಮಾರು 12,241 ಸಿಡಿತಲೆಗಳಿದ್ದವು. ಕ್ಷಿಪಣಿ, ವಿಮಾನಗಳ ಜೊತೆ ನಿಯೋಜನೆ ಆಗಿದ್ದದ್ದು 3,912. ಅದರಲ್ಲೂ ಹೇಳಿದ ಕೂಡಲೇ ಹಾರಬಲ್ಲ ಸ್ಥಿತಿಯಲ್ಲಿ ಕ್ಷಿಪಣಿಗಳ ಮೇಲೆ ಇದ್ದದ್ದು ಸುಮಾರು 2,100, ಹೆಚ್ಚುಕಮ್ಮಿ ಎಲ್ಲವೂ ರಷ್ಯಾ, ಅಮೆರಿಕದ್ದು. ಸನ್ನದ್ಧತೆ ಅಂದ್ರೆ ಈ ಕೊನೇ ಸಂಖ್ಯೆ. ಭಾರತ ಶಾಂತಿಕಾಲದಲ್ಲಿ ಸಿಡಿತಲೆಯನ್ನೂ ಕ್ಷಿಪಣಿಯನ್ನೂ ಬೇರೆ ಬೇರೆ ಇಡುತ್ತೆ ಅನ್ನೋದು ಹಳೇ ತಿಳಿವಳಿಕೆ. ಅದು ಈಗ ಬದಲಾಗ್ತಾ ಇರಬಹುದು ಅಂತ ವರದಿ ಹೇಳುತ್ತೆ. ಅಗ್ನಿ-5, ಅಗ್ನಿ-ಪಿ ಕ್ಯಾನಿಸ್ಟರ್ ಅನ್ನೋ ಮುಚ್ಚಿದ ಕೊಳವೆ ಒಳಗೆ ಸೀಲ್ ಆಗಿ ಕೂರೋ ಕ್ಷಿಪಣಿಗಳು. ಬೇಕಾದಾಗ ತೆರೆದು ಸಿಡಿತಲೆ ಜೋಡಿಸೋ ಪದ್ಧತಿಗೆ ಅವು ಸುಲಭವಾಗಿ ಒಗ್ಗಲ್ಲ. ಅರಿಹಂತ್, ಅರಿಘಾತ್ ಥರದ ಜಲಾಂತರ್ಗಾಮಿಗಳ ಕಥೆ ಇನ್ನೂ ನೇರ. ಗಸ್ತಿಗೆ ಹೋದಮೇಲೆ ಸಮುದ್ರದ ನಡುವೆ ಯಾರು ಲಾರಿಯಲ್ಲಿ ಸಿಡಿತಲೆ ತಂದುಕೊಡ್ತಾರೆ? ಅಂದ್ರೆ ನಮ್ಮ ಕಡೆಯೂ ಗಡಿಯಾರ ಗಂಟೆಗಳಿಂದ ನಿಮಿಷಗಳಿಗೆ ಇಳೀತಾ ಇದೆ. ಇದನ್ನ ಯಾವ ಗ್ರಾಫಿಕ್ಸ್‌ನಲ್ಲಾದ್ರೂ ನೋಡಿದ್ರಾ?

ನಿಮಿಷಕ್ಕೆ ಯಾಕೆ ಇಷ್ಟು ಬಡ್ಕೋತೀನಿ ಅಂದ್ರೆ, ಯಂತ್ರಗಳು ಸುಳ್ಳು ಹೇಳ್ತವೆ. 1980ರ ಜೂನ್ 3, ಅಮೆರಿಕದ ಕ್ಷಿಪಣಿ ದಾಳಿ ಎಚ್ಚರಿಕೆ ಕೇಂದ್ರ ನೋರಾಡ್. ಅಲ್ಲಿಂದ ಬೇರೆ ಕಮಾಂಡ್ ಕೇಂದ್ರಗಳಿಗೆ, ಲೈನ್ ಸರಿಯಿದೆಯಾ ಅಂತ ನೋಡೋಕೆ, ಸದಾ ಒಂದು ಪರೀಕ್ಷಾ ಸಂದೇಶ ಹೋಗ್ತಿತ್ತು. ಅದರ ಅಚ್ಚು ನಿಜವಾದ ದಾಳಿ ಸಂದೇಶದ್ದೇ. ಕ್ಷಿಪಣಿಗಳ ಸಂಖ್ಯೆ ಬರೋ ಜಾಗದಲ್ಲಿ ಮಾತ್ರ ಸೊನ್ನೆಗಳು. ಒಂದು ಚಿಪ್ ಕೆಟ್ಟು, ಸೊನ್ನೆಗಳ ಜಾಗದಲ್ಲಿ 2 ಬಂದು ಕೂತುಕೊಳ್ತು. ಬಾಂಬರ್ ಸಿಬ್ಬಂದಿ ಎಂಜಿನ್ ಚಾಲೂ ಮಾಡಿಕೊಂಡು ಆದೇಶಕ್ಕೆ ಕಾದರು. ಚಿಪ್‌ನ ಬೆಲೆ 46 ಸೆಂಟ್. ಮೂರು ದಿನ ಬಿಟ್ಟು ಮತ್ತೆ ಅದೇ ಪ್ರಹಸನ. ಹಿಂದಿನ ವರ್ಷ ನವೆಂಬರ್ 9ರಂದು ತರಬೇತಿಗೆ ಅಂತ ಮಾಡಿದ್ದ ದಾಳಿಯ ದೃಶ್ಯ ನಿಜವಾದ ಎಚ್ಚರಿಕೆ ಪರದೆಗಳಿಗೇ ನುಗ್ಗಿತ್ತು. ಸೋವಿಯತ್ ಕಡೆ 1983ರ ಸೆಪ್ಟೆಂಬರ್ 26ರಂದು, ಮೋಡದ ಮೇಲೆ ಹೊಳೆದ ಬಿಸಿಲನ್ನ ಉಪಗ್ರಹ ಐದು ಕ್ಷಿಪಣಿ ಅಂತ ಓದಿತು. ಐದೇ ಐದರಿಂದ ಯಾರು ಯುದ್ಧ ಶುರುಮಾಡ್ತಾರೆ ಅಂತ ಅನುಮಾನ ಪಟ್ಟವರು ಆ ಹೊತ್ತು ಪಾಳಿಯಲ್ಲಿದ್ದ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್. 1995ರ ಜನವರಿ 25ರಂದು ನಾರ್ವೆಯಿಂದ ಹಾರಿದ್ದು ಬರೀ ಸಂಶೋಧನಾ ರಾಕೆಟ್. ನಾರ್ವೆ ಮೊದಲೇ ತಿಳಿಸಿತ್ತು, ಆದ್ರೆ ಆ ಮಾಹಿತಿ ರಷ್ಯಾದ ರಾಡಾರ್ ಮುಂದೆ ಕೂತವರಿಗೆ ಮುಟ್ಟಿರಲಿಲ್ಲ. ರಷ್ಯಾ ಅಧ್ಯಕ್ಷ ಯೆಲ್ಟ್ಸಿನ್ ಮುಂದೆ ಅಣ್ವಸ್ತ್ರ ದಾಳಿಗೆ ಆದೇಶ ಕೊಡೋ ಪೆಟ್ಟಿಗೆ ತೆರೆದುಕೊಳ್ತು.

ಅಮೆರಿಕ ಮತ್ತು ರಷ್ಯಾ ನಡುವೆ ಖಂಡಾಂತರ ಕ್ಷಿಪಣಿಗೆ ಸುಮಾರು 30 ನಿಮಿಷ ಬೇಕು. ಅನುಮಾನ ಪಡೋಕೆ ಆ ಜನಕ್ಕೆ ಅಷ್ಟಾದ್ರೂ ಸಮಯ ಇತ್ತು. ಅಕ್ಕಪಕ್ಕದ ಎರಡು ದೇಶಗಳಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಪಾಕಿಸ್ತಾನದ ನಸ್ರ್ ಕ್ಷಿಪಣಿಯ ವ್ಯಾಪ್ತಿ ಬರೀ 60-70 ಕಿ.ಮೀ. ಉಪಯೋಗಕ್ಕೆ ಬರಬೇಕಂದ್ರೆ ಗಡಿ ಹತ್ತಿರಕ್ಕೇ ತರಬೇಕು. ಹತ್ತಿರ ತಂದಷ್ಟೂ, ಕಳ್ಕೊಳ್ಳೋ ಮೊದಲೇ ಬಳಸಿಬಿಡಬೇಕು ಅನ್ನೋ ಒತ್ತಡ ಕೆಳಗಿನ ಅಧಿಕಾರಿಯ ಮೇಲೆ. 170ರಲ್ಲಿ ಅಂಥವು ಎಷ್ಟು ಅನ್ನೋದಕ್ಕಿಂತ, ಒಂದು ಇದ್ರೂ ಅದು ಯಾರ ಕೈಲಿದೆ ಅನ್ನೋದು ಮುಖ್ಯ.

"ಹಾಗಾದ್ರೆ ಚೀನಾ 600 ಮಾಡ್ಕೊಂಡಿದೆಯಲ್ಲ, ಅದೂ ಲೆಕ್ಕಕ್ಕಿಲ್ವಾ?" ಅಂತ ಒಬ್ಬರು ಕೇಳೇ ಕೇಳ್ತಾರೆ. ಇದೆ ಮಾರಾಯ್ರೇ. ಮೊದಲ ಏಟು ತಿಂದಮೇಲೂ ತಿರುಗಿಸಿ ಹೊಡೆಯೋಕೆ ಒಂದಿಷ್ಟು ಉಳಿಯಲೇಬೇಕು, ಅಷ್ಟರಮಟ್ಟಿಗೆ ಸಂಖ್ಯೆ ಬೇಕು. ಅಗ್ನಿ ಪರೀಕ್ಷೆ ಯಶಸ್ವಿ ಅಂದ್ರೆ ನನಗೂ ಖುಷಿ ಆಗುತ್ತೆ, ಸುಳ್ಳು ಯಾಕೆ ಹೇಳಲಿ. ಆದ್ರೆ ಚೀನಾದಲ್ಲೂ ಕುತೂಹಲ ಇರೋದು ಮುಗಿದಿರೋ ಅಥವಾ ಮುಗೀತಾ ಬಂದಿರೋ ಸುಮಾರು 350 ಹೊಸ ಸೈಲೋಗಳಲ್ಲಿ, ಅಂದ್ರೆ ಕ್ಷಿಪಣಿ ಇಡೋ ನೆಲದೊಳಗಿನ ಗುಂಡಿಗಳಲ್ಲಿ. ತುಂಬಿರೋದೆಷ್ಟು, ಖಾಲಿಯೆಷ್ಟು? ಏಟು ಬಿದ್ದಮೇಲೆ ಹಾರಿಸ್ತಾರಾ, ಎಚ್ಚರಿಕೆ ಗಂಟೆ ಹೊಡೆದ ಕೂಡಲೇ ಹಾರಿಸ್ತಾರಾ? 600 ಇದಕ್ಕೆ ಉತ್ತರ ಕೊಡಲ್ಲ.

ಒಳಗೆ ಹೋಗಿ ನೋಡೋರು ಇದ್ರೆ ಮಾತ್ರ ಸಂಖ್ಯೆಗೆ ಬೆಲೆ. ಅಮೆರಿಕ, ರಷ್ಯಾ ನಡುವಿನ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ನಿಯೋಜಿತ ಸಿಡಿತಲೆಗಳ ಮಿತಿ 1,550 ಅಂತ ಎಲ್ಲರೂ ಬರೆದ್ರು. ಅದರ ಜೀವ ಇದ್ದದ್ದು ವರ್ಷಕ್ಕೆ 18 ತಪಾಸಣೆಗಳಲ್ಲಿ. ಆತಿಥೇಯರು ಕ್ಷಿಪಣಿಯ ಮೂತಿ ಬಿಚ್ಚಿ, ಸಿಡಿತಲೆಗಳಿಗೆ ಹೊದಿಕೆ ಹಾಕಿ ತೋರಿಸೋರು. ಗುಟ್ಟು ಬಯಲಾಗಬಾರದು, ಎಣಿಕೆ ಮಾತ್ರ ಆಗಬೇಕು. ಇದರಲ್ಲಿ ಪರಮಾಣು ವಸ್ತು ಇಲ್ಲ ಅಂತ ಯಾವುದನ್ನಾದ್ರೂ ಬೇರೆ ಇಟ್ರೆ, ನ್ಯೂಟ್ರಾನ್ ಡಿಟೆಕ್ಟರ್ ಹಿಡಿದು ಪರೀಕ್ಷೆ. ಕೋವಿಡ್ ಬಂದು 2020ರ ಮಾರ್ಚ್‌ನಲ್ಲಿ ತಪಾಸಣೆ ನಿಂತಿತು, ಮತ್ತೆ ಶುರುವಾಗಲೇ ಇಲ್ಲ. 2023ರಲ್ಲಿ ರಷ್ಯಾ ಒಪ್ಪಂದವನ್ನೇ ಅಮಾನತು ಮಾಡಿತು. 2026ರ ಫೆಬ್ರವರಿ 5ಕ್ಕೆ ಅವಧಿಯೂ ಮುಗೀತು. ಇರಾನ್ ಕಥೆಯೂ ಇದೇ ಜಾತಿಯದು. 60% ಸಂವರ್ಧಿಸಿದ ಯುರೇನಿಯಂ 440.9 ಕೆ.ಜಿ. ಇತ್ತು ಅನ್ನೋದು 2025ರ ಜೂನ್ 13ಕ್ಕೆ ಅಂತರರಾಷ್ಟ್ರೀಯ ಪರಮಾಣು ಕಾವಲು ಸಂಸ್ಥೆ ಐಎಇಎ ಹಾಕಿದ ಲೆಕ್ಕ. ಇಸ್ರೇಲ್, ಅಮೆರಿಕದ ಬಾಂಬ್ ಬಿದ್ದು ಕಟ್ಟಡಗಳು ಹಾಳಾದವು, ತಪಾಸಕರು ಹೊರಗೆ ಬಂದರು, ಆ ಸರಕಿನ ಮೇಲಿದ್ದ ಕಣ್ಣು ತಪ್ಪಿತು. ಗೆದ್ದೆವು ಅಂತ ಕುಣಿದೋರು ಅದರ ಬಗ್ಗೆ ಮಾತೇ ಆಡಲಿಲ್ಲ.

ನಮ್ಮ ಕಡೆ ಕಾಗದದ ಮೇಲೆ ಒಳ್ಳೇದೂ ಇದೆ, ಅದೂ ಟಿವಿಗೆ ಬರಲ್ಲ. 1988ರ ಒಪ್ಪಂದದ ಪ್ರಕಾರ 1992ರಿಂದ ಪ್ರತಿ ಜನವರಿ 1ಕ್ಕೆ ಭಾರತ, ಪಾಕಿಸ್ತಾನ ಎರಡೂ ತಮ್ಮ ಪರಮಾಣು ಸ್ಥಾವರಗಳ ಪಟ್ಟಿ ವಿನಿಮಯ ಮಾಡ್ಕೋತವೆ. ಕಾರ್ಗಿಲ್ ಆಯ್ತು, ಬಾಲಾಕೋಟ್ ಆಯ್ತು, ಪಟ್ಟಿ ನಿಲ್ಲಲಿಲ್ಲ. 2005ರ ಒಪ್ಪಂದದಲ್ಲಿ ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗೆ ಮೂರು ದಿನ ಮೊದಲೇ ತಿಳಿಸಬೇಕು. 2007ರದ್ದು ಅಣ್ವಸ್ತ್ರಕ್ಕೆ ಸಂಬಂಧಿಸಿದ ಅಪಘಾತಕ್ಕೆ. ಈಗ 2022ರ ಮಾರ್ಚ್ 9 ನೆನಪಿಸ್ಕೊಳ್ಳಿ. ನಮ್ಮ ಬ್ರಹ್ಮೋಸ್ ಒಂದು ಅಚಾತುರ್ಯದಿಂದ ಹಾರಿ ಪಾಕಿಸ್ತಾನದ ಮಿಯಾ ಚನ್ನು ಹತ್ತಿರ ಬಿತ್ತು. ಅದು ವಿಮಾನದ ಹಾಗೆ ಹಾರೋ ಕ್ರೂಸ್ ಕ್ಷಿಪಣಿ, ಬ್ಯಾಲಿಸ್ಟಿಕ್ ಅಲ್ಲ, ಹಾಗಾಗಿ 2005ರದ್ದು ಅನ್ವಯಿಸಲ್ಲ. ಅಣ್ವಸ್ತ್ರ ಸಿಡಿತಲೆ ಇರಲಿಲ್ಲ, 2007ರದ್ದೂ ಅನ್ವಯಿಸಲ್ಲ. ದೆಹಲಿಯಿಂದ ಬಹಿರಂಗ ಹೇಳಿಕೆ ಬಂದಿದ್ದು ಮಾರ್ಚ್ 11ಕ್ಕೆ. ಆಗಸ್ಟ್‌ನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನ ವಜಾ ಮಾಡಿದ್ರು, ಸರಿ. ಆದ್ರೆ ಕ್ರೂಸ್ ಕ್ಷಿಪಣಿ ತಪ್ಪಿ ಹಾರಿದ್ರೆ ಎಷ್ಟು ನಿಮಿಷದೊಳಗೆ ಹಾಟ್‌ಲೈನ್ ಎತ್ತಬೇಕು ಅಂತ ಆ ಎರಡು ಒಪ್ಪಂದಗಳಲ್ಲಿ ಒಂದು ಸಾಲು ಸೇರಿಸೋಕೆ ಹೊಸ ಬಾಂಬ್ ಬೇಕಾಗಿಲ್ಲ, ಹೊಸ ಕ್ಷಿಪಣಿಯೂ ಬೇಕಾಗಿಲ್ಲ. ಸೇರಿಸಿ ಅಂತ ಎಷ್ಟು ಪ್ಯಾನೆಲ್ ಚರ್ಚೆಗಳಲ್ಲಿ ಕೇಳಿದ್ದೀರಿ, ಕಾಮೆಂಟ್‌ನಲ್ಲಿ ಹೇಳಿ ನೋಡೋಣ.