ನೀರು ನಮ್ಮೂರಿನದು, ಕರೆಂಟ್ ಯಾರದ್ದೋ

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1819 ಅಡಿ ಮಟ್ಟಕ್ಕೆ ಪೂರ್ತಿ ತುಂಬಿದರೂ ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ಕರೆಂಟ್ ಇರುವುದಿಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್ ಅಂತೆ, ಲೈನ್ ಮೇಲೆ ಒಂದು ಅಕೇಶಿಯಾ ಕೊಂಬೆ ಬಿದ್ದರೆ ಎಲ್ಲಾ ಮುಗೀತು. ಮಳೆಗಾಲದಲ್ಲಿ ಹೀಗೆ. ಬೇಸಿಗೆ ಬಂದರೆ ಇನ್ನೊಂದು ಕಥೆ: ನೀರು ಇಳಿದಿದೆ, ಪಂಪ್‌ಸೆಟ್‌ಗಳ ಬೇಡಿಕೆ ಏರಿದೆ, ಹೊರಗಿನಿಂದ ಜಾಸ್ತಿ ರೇಟಿಗೆ ಕೊಳ್ಳಬೇಕು ಅಂತಾರೆ ವಿದ್ಯುತ್ ಕಂಪನಿಯವರು. ಸರಿ, ಒಪ್ಪೋಣ. ಕಲ್ಲಿದ್ದಲಿನ ಖರ್ಚು ಇಂಧನ ಹೊಂದಾಣಿಕೆ ಶುಲ್ಕ ಅಂತ ಬಿಲ್ಲಿಗೆ ಬಂದು ಕೂರುತ್ತದೆ, ಆದರೆ ಅಣೆಕಟ್ಟು ತುಂಬಿದ ವರ್ಷದ ಲಾಭ ನನ್ನ ಗಿರಣಿಯ ಬಿಲ್ಲಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ, ಮಳೆಗೇನು ಇವರು ದುಡ್ಡು ಕೊಡ್ತಾರಾ? ಬೆಳಿಗ್ಗೆ ಅಕ್ಕಿ ಡಬ್ಬ ಇಟ್ಟು ಹೋದವರು ಸಂಜೆ ಬಂದು ನನ್ನನ್ನೇ ಬೈಯುತ್ತಾರೆ. ಫಿಕ್ಸೆಡ್ ಚಾರ್ಜ್ ಮಾತ್ರ ಕರೆಂಟ್ ಇದ್ದರೂ ಇಲ್ಲದಿದ್ದರೂ ಪೂರ್ತಿ ಕಟ್ಟಬೇಕು.