ಮರೆತುಬಿಡು ಎನ್ನುವವರ ಗಮನಕ್ಕೆ

ಕಳೆದ ಭಾನುವಾರ ಶಿರಸಿಯ ಸಮೀಪದ ಊರೊಂದರಲ್ಲಿ ನಮ್ಮ ನೆಂಟರ ಮನೆಯ ಗೃಹಪ್ರವೇಶವಿತ್ತು. ಮೊದಲ ಪಂಕ್ತಿಯ ಊಟ ಮುಗಿದು ಜಗಲಿಯಲ್ಲಿ ಕವಳದ ಹರಿವಾಣ ಕೈಯಿಂದ ಕೈಗೆ ಹೋಗುತ್ತಿದ್ದ ಹೊತ್ತಿನಲ್ಲಿ, ಎರಡನೆಯ ಪಂಕ್ತಿಗೆ ಬಡಿಸಲೆಂದು ಪಾಯಸದ ಪಾತ್ರೆ ಹಿಡಿದು ಹೊರಟಿದ್ದ ನನ್ನ ತಂಗಿಯನ್ನು ಹಿರಿಯರೊಬ್ಬರು ತಡೆದು ನಿಲ್ಲಿಸಿದರು. ಎಲೆಗೆ ಸುಣ್ಣ ಹಚ್ಚುತ್ತಲೇ, ಹತ್ತು ಹದಿನೈದು ಮಂದಿಯ ಎದುರಿಗೆ, “ಏನು ತಂಗೀ, ಹಳೆಯದನ್ನೆಲ್ಲ ಮರೆತೆಯೋ ಇಲ್ಲವೋ? ಮರೆತುಬಿಡಬೇಕು, ಹೆಂಗಸರಿಗೆ ಅದೇ ಔಷಧ” ಎಂದರು. ಅವಳು ಪಾತ್ರೆಯನ್ನು ಕೆಳಗಿಡಲಿಲ್ಲ. “ಇಲ್ಲ ದೊಡ್ಡಪ್ಪ, ಎಲ್ಲ ನೆನಪಿದೆ. ನಿಮಗೆ ಇನ್ನೊಂದು ಲೋಟ ಪಾಯಸ ಕೊಡಲೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ದೊಡ್ಡಪ್ಪನವರಿಗೆ ಸಕ್ಕರೆ ಕಾಯಿಲೆಯಿರುವುದು ಅವಳಿಗೆ ಗೊತ್ತಿತ್ತು ಎಂಬುದನ್ನು ಇಲ್ಲಿ ಸಂತೋಷದಿಂದ ದಾಖಲಿಸುತ್ತೇನೆ.

ಮೂರು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಅವಳು ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದಳು. ನನ್ನ ಬರಹಗಳನ್ನು ಓದುತ್ತ ಬಂದವರಿಗೆ ಅವಳು ಯಾರೆಂಬುದು ತಿಳಿದೇ ಇದೆ. ತಿಳಿಯದವರು ದಯವಿಟ್ಟು ಊಹಿಸಲು ಹೋಗಬೇಡಿ. ಚಿಕ್ಕಮ್ಮನ ಮಗಳು, ಗಂಡನ ಮನೆಯಲ್ಲಿ ನಾಲ್ಕು ವರ್ಷ ಏಟು ತಿಂದು ತವರಿಗೆ ಬಂದವಳು ಎಂಬಷ್ಟು ಸಾಕು. ಈ ಬರಹವನ್ನು ಹಾಕುವ ಮೊದಲು ಅವಳಿಗೇ ಓದಲು ಕೊಟ್ಟಿದ್ದೆ. ಎರಡು ಪ್ಯಾರಾಗಳನ್ನು ಹೊಡೆದುಹಾಕಿ, ಒಂದು ಅಕ್ಷರದೋಷವನ್ನೂ ತಿದ್ದಿ ಹಿಂದಿರುಗಿಸಿದ್ದಾಳೆ. ಇಪ್ಪತ್ತಾರು ವರ್ಷ ಕನ್ನಡ ಮೇಷ್ಟರಿಕೆ ಮಾಡಿದ ನನಗೆ ಈ ಶಾಸ್ತಿಯೂ ಆಗಬೇಕಿತ್ತು.

ನನ್ನ ಸಿಟ್ಟಿರುವುದು ‘ಮರೆತುಬಿಡು’ ಎಂಬ ಆ ಒಂದು ಮಾತಿನ ಮೇಲೆ. ಅದನ್ನು ಹೇಳುವವರಿಗೆ ಖರ್ಚಿಲ್ಲ, ಹೇಳಿದ ಮೇಲೆ ಮನೆಗೆ ಹೋಗಿ ನಿದ್ದೆ ಮಾಡಲು ಅಡ್ಡಿಯಿಲ್ಲ, ಜೊತೆಗೆ ಬುದ್ಧಿ ಹೇಳಿದ ಪುಣ್ಯವೂ ಬರುತ್ತದೆ. ಆದರೆ ಅವಳು ಮರೆಯಲು ಪ್ರಯತ್ನಪಟ್ಟಿರಲಿಲ್ಲವೇ? ತವರಿಗೆ ಬಂದ ಮೇಲಿನ ಒಂದೂವರೆ ವರ್ಷ ಅವಳು ಬೇರೇನನ್ನೂ ಮಾಡಲಿಲ್ಲ. ಒಂದು ಬಗೆಯ ಬೈಕಿನ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆಯೆಂದು ಮೊದಲು ಶಿರಸಿಯ ಬಸ್‌ಸ್ಟ್ಯಾಂಡಿಗೆ ಹೋಗುವುದನ್ನು ಬಿಟ್ಟಳು. ಆಮೇಲೆ ಪೇಟೆಯನ್ನು, ಆಮೇಲೆ ದೇವಸ್ಥಾನವನ್ನು ಬಿಟ್ಟಳು. ಕೊನೆಗೆ ರಸ್ತೆ ಕಾಣಿಸುತ್ತದೆಂಬ ಕಾರಣಕ್ಕೆ ಜಗಲಿಗೂ ಬಾರದಾದಳು. ನೆನಪಾಗುವ ಒಂದೊಂದೇ ಜಾಗವನ್ನು ಬಿಟ್ಟುಕೊಡುತ್ತ ಬಂದವಳಿಗೆ ಉಳಿದದ್ದು ಅಡುಗೆಮನೆ ಮತ್ತು ಬಚ್ಚಲು ಮಾತ್ರ. ಆಘಾತದ ಚಿಕಿತ್ಸೆ ಬಲ್ಲವರು ಹೇಳುವುದೂ ಇದನ್ನೇ: ನೆನಪಿನಿಂದ ತಪ್ಪಿಸಿಕೊಂಡಾಗ ಆ ಕ್ಷಣಕ್ಕೆ ಸಿಗುವ ನೆಮ್ಮದಿಯೇ ಭಯಕ್ಕೆ ಗೊಬ್ಬರವಾಗುತ್ತದೆ, ಏಕೆಂದರೆ ಆ ಜಾಗ, ಆ ಸದ್ದು, ಆ ವಾಸನೆ ಈಗ ಅಪಾಯಕಾರಿಯಲ್ಲ ಎಂದು ಮನಸ್ಸು ಕಲಿಯುವುದಕ್ಕೆ ಅವಕಾಶವೇ ಸಿಗುವುದಿಲ್ಲ. ‘ಮರೆತುಬಿಡು’ ಎನ್ನುವವರು ಅವಳ ಕಾಯಿಲೆಯನ್ನೇ ಅವಳಿಗೆ ಔಷಧವೆಂದು ಬರೆದುಕೊಡುತ್ತಿದ್ದರು.

ಈ ಕಾಯಿಲೆಗೆ ಹೆಸರು ಸಿಕ್ಕಿದ ಕಥೆಯೂ ನನ್ನ ಸಿಟ್ಟನ್ನು ಹೆಚ್ಚಿಸುವಂಥದ್ದು. ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯೊಂದಕ್ಕೆ ಅತ್ಯಾಚಾರಕ್ಕೊಳಗಾಗಿ ಬಂದ ಹೆಂಗಸರನ್ನು ಕೂರಿಸಿ ಕೇಳಿ, ಅವರ ದುಃಸ್ವಪ್ನ, ಬೆಚ್ಚಿಬೀಳುವಿಕೆ, ಭಯಗಳಿಗೆಲ್ಲ ಒಂದು ಕ್ರಮವಿದೆಯೆಂದು ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬಿಬ್ಬರು 1974ರಲ್ಲಿಯೇ ಬರೆದರು. ಆದರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ, ಎಂಬ ಹೆಸರಿನಲ್ಲಿ ಅದು ಅಲ್ಲಿನ ಮನೋವೈದ್ಯರ ಅಧಿಕೃತ ಕೈಪಿಡಿಯನ್ನು ಸೇರಿದ್ದು 1980ರಲ್ಲಿ, ಮುಖ್ಯವಾಗಿ ವಿಯೆಟ್ನಾಮ್ ಯುದ್ಧದಿಂದ ಮರಳಿದ ಸೈನಿಕರ ಒತ್ತಾಯದಿಂದ. ಯುದ್ಧ ನೋಡಿ ಬಂದ ಗಂಡಸಿಗೆ ‘ಮರೆತುಬಿಡು’ ಎಂದರೆ ಸಾಲದು ಎಂಬುದು ಲೋಕಕ್ಕೆ ಬೇಗ ಅರ್ಥವಾಗುತ್ತದೆ.

ತಂಗಿಗೆ ಸಿಕ್ಕಿದ ಚಿಕಿತ್ಸೆಯ ಹೆಸರು ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ; ನಡೆದದ್ದರ ಬಗ್ಗೆ ನಮಗೆ ನಾವೇ ಹೇಳಿಕೊಳ್ಳುವ ಮಾತುಗಳನ್ನು ಬರೆದು ಪರೀಕ್ಷಿಸಿ ನೋಡುವ ವಿಧಾನ. ಪೆಟ್ರೀಷಿಯಾ ರೆಸಿಕ್ ಎಂಬ ಮನಃಶಾಸ್ತ್ರಜ್ಞೆ 1980ರ ದಶಕದ ಕೊನೆಯಲ್ಲಿ, ಅತ್ಯಾಚಾರದಿಂದ ಪಾರಾದ ಮಹಿಳೆಯರಿಗೆಂದೇ ರೂಪಿಸಿದ್ದು. ಸಾಮಾನ್ಯವಾಗಿ ಹನ್ನೆರಡು ಭೇಟಿಗಳಿರುತ್ತವೆ ಮತ್ತು ಪ್ರತಿಯೊಂದರಲ್ಲಿ ಏನು ಮಾಡಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಎಡ್ನಾ ಫೋವಾ ಅವರ ಇನ್ನೊಂದು ವಿಧಾನವೂ ಇದೆ; ಅದರಲ್ಲಿ ನಡೆದದ್ದನ್ನು ಸುರಕ್ಷಿತವಾದ ಕೋಣೆಯಲ್ಲಿ ಕುಳಿತು ಮತ್ತೆ ಮತ್ತೆ ಬಾಯಿಬಿಟ್ಟು ಹೇಳಿಸುತ್ತಾರೆ. 2002ರಲ್ಲಿ ರೆಸಿಕ್ ಮತ್ತು ಸಂಗಡಿಗರು 171 ಮಹಿಳೆಯರಲ್ಲಿ ಇವೆರಡನ್ನೂ ಹೋಲಿಸಿ ನೋಡಿದಾಗ ಎರಡೂ ಕೆಲಸ ಮಾಡಿದ್ದವು. ಐದು ವರ್ಷ ಕಳೆದ ಮೇಲೆ ಅವರಲ್ಲಿ ಅನೇಕರನ್ನು ಮತ್ತೆ ಹುಡುಕಿ ಪರೀಕ್ಷಿಸಿದಾಗಲೂ ಆದ ಲಾಭ ಉಳಿದಿತ್ತು. ಎರಡರಲ್ಲಿಯೂ ಮರೆಯುವ ಪಾಠವಿಲ್ಲ.

ನಮ್ಮ ಊರಿನಲ್ಲಿ ಇದು ನಡೆದ ರೀತಿಯನ್ನು ಸ್ವಲ್ಪ ಹೇಳಲೇಬೇಕು. ಚಿಕಿತ್ಸಕಿ ಇದ್ದದ್ದು ಬೆಂಗಳೂರಿನಲ್ಲಿ, ಮಾತುಕತೆ ಫೋನಿನಲ್ಲಿ, ಫೋನಿಗೆ ಸಿಗ್ನಲ್ ಸಿಗುವುದು ನಮ್ಮ ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ ಮಾತ್ರ. ದೀಪಾವಳಿ ಕಳೆದ ಮೇಲೆ ಪ್ರತಿ ಗುರುವಾರ ಮೂರು ಗಂಟೆಗೆ ನಾವಿಬ್ಬರೂ ತೋಟ ದಾಟಿ ಬೆಟ್ಟ ಹತ್ತುತ್ತಿದ್ದೆವು. ಅವಳು ಒಂದು ಮತ್ತಿ ಮರದ ಬುಡದಲ್ಲಿ ಕಂಬಳಿ ಹಾಸಿಕೊಂಡು ಕುಳಿತರೆ, ಮಾತು ಕೇಳಿಸದಷ್ಟು ಕೆಳಗೆ, ಕಾಲುದಾರಿಯ ತಿರುವಿನಲ್ಲಿ ನಾನು. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಬರುವವರನ್ನು ಯಾವುದೋ ನೆಪ ಹೇಳಿ ತಿರುಗಿಸಿ ಕಳಿಸುವುದು ನನ್ನ ಕೆಲಸ. ಆ ಒಂದು ಗಂಟೆಗಾಗಿ ಎಷ್ಟು ಸುಳ್ಳು ಹೇಳಿದೆನೋ ಲೆಕ್ಕವಿಲ್ಲ. ಕಾಲು ಮುರಿದವಳನ್ನು ಆಸ್ಪತ್ರೆಗೆ ಕರೆದೊಯ್ಯುವುದಾಗಿದ್ದರೆ ಊರೇ ಜೀಪು ಮಾಡಿಕೊಡುತ್ತಿತ್ತು.

ಚಿಕಿತ್ಸೆಯೆಂದರೆ ಅತ್ತು ಹಗುರಾಗುವುದು ಎಂದು ನಾನೂ ತಿಳಿದಿದ್ದೆ. ಅಳು ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಮನೆಗೆಲಸವಿತ್ತು, ಶಾಲೆಯಲ್ಲಿ ನಾವು ಮಕ್ಕಳಿಗೆ ಕೊಡುವಂಥದ್ದೇ. ಮೊದಲ ವಾರ, ಹೀಗೇಕೆ ಆಯಿತೆಂದು ತನಗೆ ಅನಿಸುತ್ತದೆ ಮತ್ತು ಅದರಿಂದ ತನ್ನ ಬಗ್ಗೆ, ಲೋಕದ ಬಗ್ಗೆ ಏನು ನಂಬಿದ್ದೇನೆ ಎಂಬುದನ್ನು ಒಂದು ಪುಟ ಬರೆಯಬೇಕು. ಆಮೇಲೆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನವೂ ಮೂರು ಕಾಲಂ: ಏನಾಯಿತು, ನನಗೆ ನಾನೇ ಏನು ಹೇಳಿಕೊಂಡೆ, ಏನನಿಸಿತು. ಅವಳ ಅಪ್ಪಣೆ ಪಡೆದು ಒಂದು ಸಾಲನ್ನು ಇಲ್ಲಿಡುತ್ತೇನೆ. ‘ಹಿತ್ತಿಲ ಬಾಗಿಲು ಗಾಳಿಗೆ ಬಡಿಯಿತು. ಅವನು ಬಂದ. ಭಯ, ನೂರಕ್ಕೆ ತೊಂಬತ್ತು.’ ಅದರ ಕೆಳಗೆ, ಕೆಲವು ವಾರಗಳ ಅನಂತರದ್ದು: ‘ಹಿತ್ತಿಲ ಬಾಗಿಲು ಬಡಿಯಿತು. ಅಗುಳಿ ಸಡಿಲಾಗಿದೆ. ಸಿಟ್ಟು, ನೂರಕ್ಕೆ ಇಪ್ಪತ್ತು, ಬಡಗಿಯ ಮೇಲೆ.’

ನಾಲ್ಕನೆಯ ವಾರ ಅವಳು ಬೆಟ್ಟ ಹತ್ತಲು ಒಪ್ಪಲಿಲ್ಲ. ಕನಸುಗಳು ಹೆಚ್ಚಾಗಿದ್ದವು. “ಇದಕ್ಕೇ ಹೇಳಿದ್ದು, ಕೆದಕಬೇಡಿ ಎಂದು” ಎಂದು ಚಿಕ್ಕಮ್ಮ ನನ್ನನ್ನು ಬೈದರು. ಹೀಗೆ ನಡುವೆ ಕೆಲವರಿಗೆ ಹೆಚ್ಚಾಗುವುದುಂಟು, ಅರ್ಧಕ್ಕೆ ಬಿಡುವವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆ ದಿನ ಚಿಕಿತ್ಸಕಿ ಅವಳೊಂದಿಗೆ ಹತ್ತು ನಿಮಿಷ ಲ್ಯಾಂಡ್‌ಲೈನಿನಲ್ಲಿಯೇ ಮಾತನಾಡಿದರು. ಏನು ಹೇಳಿದರೋ ನಾನು ಕೇಳಲಿಲ್ಲ. ಮುಂದಿನ ಗುರುವಾರ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು.

ಆ ನೋಟ್‌ಬುಕ್ಕಿನ ಇನ್ನೊಂದು ಪುಟದ ಬಗ್ಗೆ ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ‘ಮೊದಲ ಏಟಿಗೇ ಹೊರಟು ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ, ಆದ್ದರಿಂದ ತಪ್ಪು ನನ್ನದು’ ಎಂಬ ಒಂದು ವಿಚಾರದಲ್ಲಿ ಅವಳು ಸಿಕ್ಕಿಹಾಕಿಕೊಂಡಿದ್ದಳು. ನಮ್ಮಂಥವರಾಗಿದ್ದರೆ “ಛೆ, ನಿನ್ನದೇನು ತಪ್ಪು” ಎಂದು ಬೆನ್ನು ಸವರಿ ಮುಗಿಸುತ್ತಿದ್ದೆವು. ಚಿಕಿತ್ಸಕಿ ಸಮಾಧಾನ ಹೇಳಲಿಲ್ಲ; ಪ್ರಶ್ನೆ ಕೇಳಿದರು. ಆ ದಿನ ಕೈಯಲ್ಲಿ ಎಷ್ಟು ದುಡ್ಡಿತ್ತು? ಊರಿಗೆ ಬಸ್ಸು ಎಷ್ಟು ಹೊತ್ತಿಗಿತ್ತು? ಯಾರಿಗಾದರೂ ತಿಳಿಸಿದ್ದೆಯಾ, ಅವರು ಏನೆಂದರು? ಮೊದಲ ಕಾಲಂನಲ್ಲಿ ಅವಳ ದುಂಡನೆಯ ಅಕ್ಷರದಲ್ಲಿ ಹೀಗಿದೆ: ‘ಅಕ್ಕನಿಗೆ ಫೋನ್ ಮಾಡಿದೆ. ಹೊಂದಿಕೊಂಡು ಹೋಗು, ಇದನ್ನು ಮರೆತುಬಿಡು ಎಂದಳು.’ ಎರಡನೆಯ ಕಾಲಂನಲ್ಲಿ: ‘ಇಷ್ಟು ಓದಿದ ಅಕ್ಕನೇ ಹೀಗೆಂದ ಮೇಲೆ ತಪ್ಪು ನನ್ನದೇ ಇರಬೇಕು.’

ಆ ಅಕ್ಕ ನಾನೇ. ಹತ್ತನೆಯ ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದುಕೊಂಡೇ ಮಾತನಾಡಿದ್ದೆ. ಅದಾದ ಮೇಲೆ ಅವಳು ಅಲ್ಲಿ ಇನ್ನೂ ಮೂರು ವರ್ಷ ಇದ್ದಳು.

ಈಗ, ಖಂಡಿತವಾಗಿ ಬರಲಿರುವ ಒಂದು ಆಕ್ಷೇಪಕ್ಕೆ ಬರುತ್ತೇನೆ. ‘ನಮ್ಮ ಅಜ್ಜಿಯಂದಿರಿಗೆ ಯಾವ ಥೆರಪಿ ಇತ್ತು? ರಾತ್ರಿಯಿಡೀ ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದರು, ಕಷ್ಟಸುಖ ಹೇಳಿಕೊಳ್ಳುತ್ತಿದ್ದರು, ಮನಸ್ಸು ಹಗುರಾಗುತ್ತಿತ್ತು’ ಎಂಬುದು ನಮ್ಮ ಕಡೆಯ ಗಂಡಸರಿಗೆ ಬಹಳ ಪ್ರಿಯವಾದ ಚಿತ್ರ. ನಾನೂ ಆ ಸಾಲಿನಲ್ಲಿ ಮೆಟ್ಟುಗತ್ತಿಯೆದುರು ಕುಳಿತು ಬೆಳೆದವಳು. ಅಲ್ಲಿ ನಗುವಿತ್ತು, ಹಾಡಿತ್ತು, ಸೊಸೆಯ ದೂರು, ಅತ್ತೆಯ ದೂರು ಎಲ್ಲವೂ ಇದ್ದವು. ಆದರೆ ನನ್ನ ತಂಗಿ ಹೇಳಬೇಕಾಗಿದ್ದ ಮಾತನ್ನು ಅಲ್ಲಿ ಹೇಳುವಂತಿರಲಿಲ್ಲ, ಏಕೆಂದರೆ ಅವಳ ಎಡಕ್ಕೆ ಮೂರನೆಯವಳಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದವಳು ಅವನ ಚಿಕ್ಕಮ್ಮ. ಇಷ್ಟು ಒತ್ತಾಗಿ ನೆಂಟಸ್ತನ ಹೆಣೆದುಕೊಂಡಿರುವ ಊರುಗಳಲ್ಲಿ, ಕೇಳಿದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳುವ, ಯಾರ ಸಂಬಂಧಿಯೂ ಅಲ್ಲದ ಒಬ್ಬ ಅಪರಿಚಿತೆ ಬೇಕಾಗುತ್ತಾಳೆ. ಅಜ್ಜಿಯಂದಿರ ಮನಸ್ಸು ಹಗುರಾಗಿತ್ತೋ ಇಲ್ಲವೋ ಎಂದು ಕೇಳಿ ಬರೆದಿಟ್ಟವರಂತೂ ಯಾರೂ ಇಲ್ಲ.

ಇದು ಪೇಟೆಯ, ಓದಿದ, ದುಡ್ಡಿರುವ ಹೆಂಗಸರ ಶೋಕಿ ಎನ್ನುವವರಿಗೆ ಒಂದೇ ಮಾತು. ಕಾಂಗೋ ದೇಶದ ಪೂರ್ವಭಾಗದಲ್ಲಿ, ಯುದ್ಧದ ನಡುವೆ ಲೈಂಗಿಕ ಹಿಂಸೆಗೊಳಗಾದ ಹಳ್ಳಿಯ ಹೆಂಗಸರಿಗೆ ಇದೇ ಚಿಕಿತ್ಸೆಯನ್ನು ಗುಂಪಿನಲ್ಲಿ ಕೂರಿಸಿ ಕೊಟ್ಟರು. ಕೊಟ್ಟವರು ಸ್ಥಳೀಯ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಮೇಲೆ ಕೆಲವೇ ವರ್ಷ ಓದಿದವರು; ಓದುಬರಹ ಬಾರದವರಿಗೆಂದು ಪಾಠಗಳನ್ನು ಬಾಯಿಪಾಠ ಮಾಡುವಂತೆ ಸರಳಗೊಳಿಸಿದ್ದರು. ಬರಿಯ ಸಾಂತ್ವನ, ನೆರವು ಸಿಕ್ಕ ಊರುಗಳವರಿಗಿಂತ ಇವರು ಹೆಚ್ಚು ಚೇತರಿಸಿಕೊಂಡಿದ್ದರೆಂಬ ವರದಿ 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅಲ್ಲಿ ಆದದ್ದು ಅಂಕೋಲೆಯಲ್ಲಿ, ಹೊನ್ನಾವರದಲ್ಲಿ, ಸಿದ್ದಾಪುರದಲ್ಲಿ ಏಕಾಗಬಾರದು? ಆಶಾ ಕಾರ್ಯಕರ್ತೆಯರಿಗೆ ಇನ್ನೂ ಒಂದು ಹೊರೆ ಹೊರಿಸಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆಂದೇ ಸಂಬಳ ಕೊಟ್ಟು, ತರಬೇತಿ ಕೊಟ್ಟು ಜನರನ್ನು ನೇಮಿಸಿ ಎನ್ನುತ್ತಿದ್ದೇನೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಕಾಯ್ದೆಯಲ್ಲಿ ಬರೆದಿದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಮನೆಯೊಳಗೆ ಇನ್ನೂ ಏಟು ಬೀಳುತ್ತಿದ್ದರೆ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರವನ್ನು ಹುಡುಕಿ. ಸುರಕ್ಷಿತವಾದ ಜಾಗ ಸಿಕ್ಕ ಮೇಲಷ್ಟೇ ನೆನಪಿನ ಕೆಲಸ. ಆದರೆ ತಾಲ್ಲೂಕು ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ಮನೋವೈದ್ಯರ ಬಾಗಿಲೆದುರಿನ ಸಾಲನ್ನು ಒಮ್ಮೆ ನೋಡಿ, ಒಬ್ಬೊಬ್ಬರಿಗೆ ಎಷ್ಟು ನಿಮಿಷ ಸಿಕ್ಕೀತೆಂದು ನೀವೇ ಲೆಕ್ಕ ಹಾಕಿ. ಅಷ್ಟರಲ್ಲಿ ಮಾತ್ರೆ ಬರೆಯಬಹುದು. ತಂಗಿಗೂ ಮೊದಲು ಸಿಕ್ಕಿದ್ದು ನಿದ್ದೆಯ ಮಾತ್ರೆಯೇ. ನಿದ್ದೆ ಬರುತ್ತಿತ್ತು, ಭಯ ಅವಳು ಏಳುವುದನ್ನೇ ಕಾಯುತ್ತ ಕುಳಿತಿರುತ್ತಿತ್ತು. ಹನ್ನೆರಡು ವಾರ, ವಾರಕ್ಕೊಂದು ಗಂಟೆ, ಒಬ್ಬರೇ ಚಿಕಿತ್ಸಕರು ಎಂಬುದು ನಮ್ಮ ಜಿಲ್ಲೆಯ ಹೆಚ್ಚಿನ ಹೆಂಗಸರ ಕೈಗೆಟುಕುವ ಮಾತಲ್ಲ. ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಬರಲು ಇಡೀ ದಿನ ಬೇಕು, ಆ ದಿನದ ಕೂಲಿ ಹೋಗುತ್ತದೆ, ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ಉತ್ತರವನ್ನೂ ಸಿದ್ಧಪಡಿಸಿಕೊಂಡಿರಬೇಕು.

ಕೊನೆಯ ಐದು ವಾರಗಳಲ್ಲಿ ಸುರಕ್ಷತೆ, ನಂಬಿಕೆ, ಹಿಡಿತ, ಸ್ವಾಭಿಮಾನ, ಆಪ್ತತೆ ಎಂದು ವಾರಕ್ಕೊಂದು ವಿಷಯ. ನಂಬಿಕೆಯ ವಾರ ಬೆಟ್ಟ ಇಳಿಯುವಾಗ ಅವಳು ಮೊದಲ ಬಾರಿಗೆ ಆ ಫೋನಿನ ಮಾತೆತ್ತಿದಳು. ನಾನು ಕ್ಷಮೆ ಕೇಳಿದೆ. “ಅಕ್ಕಾ, ಅದಕ್ಕೆ ನಾನು ಈಗಲೇ ಉತ್ತರ ಕೊಡಬೇಕಾಗಿಲ್ಲವಂತೆ” ಎಂದು ಹೇಳಿ ಮುಂದೆ ನಡೆದಳು. ಇಂದಿಗೂ ಕೊಟ್ಟಿಲ್ಲ. ಹನ್ನೆರಡನೆಯ ವಾರ ಮೊದಲ ದಿನದ್ದೇ ಪ್ರಶ್ನೆಗೆ ಮತ್ತೆ ಒಂದು ಪುಟ ಬರೆದು, ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕಿತ್ತು. ಹಳೆಯ ಪುಟದಲ್ಲಿ ‘ನನ್ನಿಂದ’ ಎಂಬ ಪದ ಒಂಬತ್ತು ಸಲ ಬಂದಿತ್ತಂತೆ, ಹೊಸದರಲ್ಲಿ ‘ಅವನು’ ಎಂದು ಬಂದಿತ್ತಂತೆ. ಕರ್ತೃಪದ ಬದಲಾದರೆ ವಾಕ್ಯದ ಅರ್ಥ ಬದಲಾಗುತ್ತದೆ ಎಂದು ನಾನು ಮಕ್ಕಳಿಗೆ ಎಷ್ಟು ವರ್ಷ ಕಲಿಸಿದ್ದೆನೋ.

ಈಗ ಅವಳು ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಶಿರಸಿಗೆ ಹೋಗಿ ಹೊಲಿಗೆ ಕಲಿಸುತ್ತಾಳೆ. ಆ ಬೈಕಿನ ಸದ್ದಿಗೆ ಈಗಲೂ ತಲೆಯೆತ್ತಿ ನೋಡುತ್ತಾಳೆ, ನೋಡಿ ಮತ್ತೆ ದಾರ ಪೋಣಿಸುತ್ತಾಳೆ. ದೊಡ್ಡಪ್ಪನವರು ಭಾನುವಾರದ ಘಟನೆಯ ಬಗ್ಗೆ “ಹುಡುಗಿಗೆ ಸೊಕ್ಕು ಬಂದಿದೆ” ಎಂದು ನಾಲ್ಕು ಮನೆಗಳಲ್ಲಿ ಹೇಳಿದ್ದಾರಂತೆ. ಮುಂದಿನ ತಿಂಗಳು ಅದೇ ಮನೆಯಲ್ಲಿ ಸತ್ಯನಾರಾಯಣ ಕಥೆಯಿದೆ. ಅವರೂ ಬರುತ್ತಾರೆ. ಈ ಸಲ ಪಾಯಸದ ಪಾತ್ರೆ ನನ್ನ ಕೈಯಲ್ಲಿರುತ್ತದೆ.